ಹೊಳಪು ಬಂತು, ಗುರುತು ಹೋಯಿತು

ಮೂರು ವರ್ಷದ ಹಿಂದೆ ನಾವು ಒಂದು ತಪ್ಪು ಸುದ್ದಿ ಬರೆದೆವು. ಅದಕ್ಕೆ ಇವತ್ತಿನವರೆಗೂ ತಿದ್ದುಪಡಿ ಬಂದಿಲ್ಲ. ಈ ಲೇಖನವನ್ನೇ ಆ ತಿದ್ದುಪಡಿ ಅಂತ ಓದಿಕೊಳ್ಳಿ.

ನಮ್ಮ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹಳೇ ತೊಟ್ಟಿಮನೆ ಬಿಚ್ಚುತ್ತಿದ್ದರು. ಅಟ್ಟದ ಮೇಲೆ ಮರದ ಪೆಟ್ಟಿಗೆಯೊಂದರಲ್ಲಿ, ಹರಿದ ಕಂಬಳಿಯಲ್ಲಿ ಸುತ್ತಿಟ್ಟ ಪಿಸ್ತೂಲು ಸಿಕ್ಕಿತು. ಒಂದು ಮೊಳಕ್ಕೆ ಸ್ವಲ್ಪ ಕಡಿಮೆ ಉದ್ದ. ಮರದ ಹಿಡಿ, ಹಿಡಿಯ ತುದಿಗೆ ಹಿತ್ತಾಳೆ ಕಟ್ಟು, ತುಕ್ಕು ಹಿಡಿದ ನಳಿಗೆ, ಪಕ್ಕದಲ್ಲಿ ಚಕಮಕಿ ಕಲ್ಲನ್ನು ಕಚ್ಚಿಕೊಳ್ಳುವ ಕಬ್ಬಿಣದ ಕುದುರೆ. ಮನೆಯ ಹಿರಿಯರು, ‘ನಮ್ಮ ತಾತನ ತಾತ ಟಿಪ್ಪು ದಂಡಿನಲ್ಲಿ ಇದ್ದರಂತೆ’ ಅಂದರು. ನಮಗೆ ಅಷ್ಟೇ ಸಾಕಾಯಿತು. ಫೋನಿನಲ್ಲಿ ನಾಲ್ಕೈದು ಫೋಟೊ ತೆಗೆದುಕೊಂಡು, ‘ಅಟ್ಟದಲ್ಲಿ ಟಿಪ್ಪು ಕಾಲದ ಪಿಸ್ತೂಲು ಪತ್ತೆ’ ಎಂದು ಸಂಜೆಯೊಳಗೆ ಸುದ್ದಿ ಕಳಿಸಿದೆವು. ಮಾರನೇ ದಿನ ಒಳಪುಟದಲ್ಲಿ ಬಂತು. ಅದರ ಕಟಿಂಗ್ ನೂರಾರು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡಿತು.

ಆಮೇಲೆ ಆ ಮನೆಗೆ ಜನ ಬರತೊಡಗಿದರು. ಮೊದಲು ದಲ್ಲಾಳಿಗಳು ಬಂದರು. ಒಬ್ಬ ಐವತ್ತು ಸಾವಿರ ಎಂದ, ಇನ್ನೊಬ್ಬ ಐದು ಲಕ್ಷ ಎಂದ, ಇಬ್ಬರೂ ಮುಂಗಡ ಕೊಡಲಿಲ್ಲ. ಅವರ ಹಿಂದೆ ಟಿಪ್ಪುವನ್ನು ಹೊಗಳುವವರೂ ಬೈಯುವವರೂ ಬಂದರು. ಊರಿನ ಗುಂಪಿನಲ್ಲಿ ಎರಡು ದಿನ ಜಗಳ ನಡೆದು, ನೆಂಟರೇ ನೆಂಟರನ್ನು ಬ್ಲಾಕ್ ಮಾಡಿದರು. ಕೊನೆಗೆ ಠಾಣೆಯವರು ಬಂದು ಲೈಸೆನ್ಸ್ ಎಲ್ಲಿ ಎಂದು ಕೇಳಿದರು.

ಇಷ್ಟೆಲ್ಲದರ ನಡುವೆ ಆಯುಧಪೂಜೆ ಬಂತು. ಟಿಪ್ಪು ಕಾಲದ್ದು ಎಂದಮೇಲೆ ಪೂಜೆಗೆ ಇಡಬೇಡವೇ? ಮನೆಯ ಹುಡುಗರು ಪಿಸ್ತೂಲನ್ನು ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಉಜ್ಜಿದರು. ತುಕ್ಕು ಬಿಡದ ಕಡೆ ಮರಳು ಕಾಗದ ಹಿಡಿದು ತಿಕ್ಕಿದರು. ಹಿಡಿಗೆ ವಾರ್ನಿಷ್ ಬಳಿದರು. ಕುಂಕುಮ ಇಟ್ಟು, ಚೆಂಡು ಹೂ ಮುಡಿಸಿ, ನಮಗೂ ಫೋಟೊ ಕಳಿಸಿದರು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಹಳೇ ಆಯುಧಗಳ ಬಗ್ಗೆ ತಿಳಿದ ನಿವೃತ್ತ ಉಪನ್ಯಾಸಕರೊಬ್ಬರು ಆ ಫೋಟೊ ನೋಡಿ ನಮಗೆ ಫೋನು ಮಾಡಿದರು. ‘ಉಜ್ಜುವುದಕ್ಕಿಂತ ಮೊದಲು ತೆಗೆದ ಫೋಟೊ ಇದೆಯೇ?’ ಎಂದು ಮಾತ್ರ ಕೇಳಿದರು. ಇತ್ತು. ನಮ್ಮ ಫೋನಿನಲ್ಲೇ ಇತ್ತು. ಅದನ್ನು ದೊಡ್ಡದು ಮಾಡಿ ನೋಡುವ ಕೆಲಸವನ್ನು ನಾವು ಅಲ್ಲಿಯವರೆಗೆ ಮಾಡಿಯೇ ಇರಲಿಲ್ಲ.

ಕುದುರೆಯ ಕೆಳಗಿನ ಕಬ್ಬಿಣದ ತಗಡಿನ ಮೇಲೆ, ತುಕ್ಕಿನ ನಡುವೆ, ಹೃದಯದ ಆಕಾರದ ಗೆರೆ ಕಾಣುತ್ತಿತ್ತು. ಅದರ ತಲೆಯ ಮೇಲೆ 4 ಎಂಬಂತಹ ಚಿಹ್ನೆ. ಒಳಗೆ ನಾಲ್ಕು ಮನೆ ಮಾಡಿ, ಮನೆಗೊಂದು ಇಂಗ್ಲಿಷ್ ಅಕ್ಷರ: ವಿ, ಇ, ಐ, ಸಿ. ತಗಡಿನ ಹಿಂತುದಿಯಲ್ಲಿ 180 ಎಂಬ ಮೂರು ಅಂಕಿ. ನಾಲ್ಕನೆಯದನ್ನು ತುಕ್ಕು ತಿಂದಿತ್ತು.

ಆ ಹೃದಯದ ಗುರುತು ಈಸ್ಟ್ ಇಂಡಿಯಾ ಕಂಪನಿಯದು. ಹಳೇ ಲ್ಯಾಟಿನ್ ಬರಹದ ಪ್ರಕಾರ ‘ಯು’ ಬದಲು ‘ವಿ’ ಕೆತ್ತುತ್ತಿದ್ದರು. ಹಾಗಾಗಿ ಅದನ್ನು ‘ಯುನೈಟೆಡ್ ಈಸ್ಟ್ ಇಂಡಿಯಾ ಕಂಪನಿ’ ಎಂದು ಓದಬೇಕು. 1808ರ ಸುಮಾರಿಗೆ ಕಂಪನಿ ಈ ಗುರುತು ಬಿಟ್ಟು, ಕಿರೀಟ ಹಿಡಿದು ನಿಂತ ಸಿಂಹದ ಗುರುತು ಹಾಕತೊಡಗಿತು. ಟಿಪ್ಪು ಸತ್ತಿದ್ದು 1799ರ ಮೇ 4ರಂದು. ಪಿಸ್ತೂಲಿನ ಮೇಲಿದ್ದ ವರ್ಷ 1800 ಅಥವಾ ಅದರ ನಂತರದ್ದು. ನಾವು ಬರೆದ ಶೀರ್ಷಿಕೆಯನ್ನು ಸುಳ್ಳು ಮಾಡುವ ಸಾಕ್ಷಿ ಆ ಪಿಸ್ತೂಲಿನ ಮೈಮೇಲೇ ಇತ್ತು. ಈಗ ಅದು ಇರುವುದು ನಮ್ಮ ಫೋನಿನ ಫೋಟೊದಲ್ಲಿ ಮಾತ್ರ. ಪಿಸ್ತೂಲಿನ ಮೇಲೆ ನುಣ್ಣನೆಯ ಬರೀ ಕಬ್ಬಿಣ ಉಳಿದಿದೆ.

ಆ ಪಿಸ್ತೂಲು ಹುಟ್ಟಿದ್ದು ನಮ್ಮ ಸೀಮೆಯಲ್ಲಲ್ಲ, ಇಂಗ್ಲೆಂಡಿನಲ್ಲಿ. ಇಂಥವನ್ನು ಹುಡುಕಿ, ಕೊಂಡು, ಕಾಪಾಡುವ ಹವ್ಯಾಸಿಗಳು ಯುರೋಪಿನಲ್ಲಿ ಬಹಳ ಮಂದಿ ಇದ್ದಾರೆ. ನಮ್ಮ ತಪ್ಪು ಗೊತ್ತಾದ ಮೇಲೆ ಅವರು ಹೇಗೆ ಕೆಲಸ ಮಾಡುತ್ತಾರೆ ಎಂದು ಓದತೊಡಗಿದೆವು. ‘ಸಾಹೇಬರ ಶೋಕಿ, ನಮಗೇಕೆ’ ಅನ್ನುವವರು ಇರಬಹುದು. ನಾವೂ ಹಾಗೇ ಅಂದುಕೊಂಡಿದ್ದೆವು. ಈಗ ನಮ್ಮ ಅಭಿಪ್ರಾಯ ಬದಲಾಗಿದೆ. ಹಳೇ ವಸ್ತುವಿನ ಮುಂದೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಆ ಹವ್ಯಾಸಿಗಳಿಂದ ನಮ್ಮ ಊರುಗಳು ಕಲಿಯಬೇಕು. ನಮ್ಮಂಥ ವರದಿಗಾರರು ಮೊದಲು ಕಲಿಯಬೇಕು.

ಕಲ್ಲು ಉಕ್ಕಿಗೆ ತಾಗಿದರೆ ಕಿಡಿ

ಬೀಡಿ ಹಚ್ಚಲು ಚಕಮಕಿ ಕಲ್ಲು, ಉಕ್ಕಿನ ತುಂಡು, ಚೂರು ಅರಳೆ ಇಟ್ಟುಕೊಳ್ಳುತ್ತಿದ್ದ ಮುದುಕರನ್ನು ನಿಮ್ಮಲ್ಲಿ ಕೆಲವರು ನೋಡಿರುತ್ತೀರಿ. ಈ ಪಿಸ್ತೂಲಿನ ಒಳಗುಟ್ಟೂ ಅಷ್ಟೇ. ಕುದುರೆಯ ಬಾಯಲ್ಲಿ ಕಲ್ಲಿನ ಚೂರು. ಟ್ರಿಗರ್ ಎಳೆದರೆ ಕುದುರೆ ಮುಂದಕ್ಕೆ ಬಡಿದು, ಕಲ್ಲು ಉಕ್ಕಿನ ತಗಡಿಗೆ ತಾಗುತ್ತದೆ. ಕಿಡಿ ಕೆಳಗಿನ ಪುಟ್ಟ ಬಟ್ಟಲಿಗೆ ಬೀಳುತ್ತದೆ. ಬಟ್ಟಲಲ್ಲಿ ಒಂದು ಚಿಟಿಕೆ ಮದ್ದು. ಅದು ಹತ್ತಿಕೊಂಡು, ನಳಿಗೆಯ ಸಣ್ಣ ತೂತಿನಿಂದ ಬೆಂಕಿ ಒಳಗೆ ಹೋಗಿ ಗುಂಡು ಹಾರುತ್ತದೆ. ಮದ್ದು ಎಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ನೂರು ಪಾಲಿನಲ್ಲಿ ಸುಮಾರು ಎಪ್ಪತ್ತೈದು ಪಾಲು ಪೆಟ್ಲುಪ್ಪು. ಇಂಗ್ಲೆಂಡಿನ ಕೋವಿಗಳಿಗೆ ಬೇಕಾದ ಪೆಟ್ಲುಪ್ಪಿನ ದೊಡ್ಡ ಪಾಲು ಬಿಹಾರದ ಕಡೆಯಿಂದ ಹಡಗಿನಲ್ಲಿ ಹೋಗುತ್ತಿತ್ತು.

ಕೆಲವೊಮ್ಮೆ ಬಟ್ಟಲಿನ ಮದ್ದು ಭಗ್ಗೆಂದು ಉರಿದು ಅಲ್ಲೇ ಮುಗಿಯುತ್ತಿತ್ತು, ಗುಂಡು ಹಾರುತ್ತಿರಲಿಲ್ಲ. ನಮ್ಮ ಆ ಸುದ್ದಿಯೂ ಅದೇ ಜಾತಿಯದು.

ಈ ಪದ್ಧತಿಗೆ ರೂಪ ಕೊಟ್ಟವರಲ್ಲಿ ಮುಖ್ಯನೆಂದು ಹೇಳುವುದು ಫ್ರಾನ್ಸಿನ ಲಿಸ್ಯೂ ಎಂಬ ಊರಿನ ಕುಶಲಕರ್ಮಿ ಮಾರೆನ್ ಲ ಬೂರ್ಜ್ವಾನನ್ನು. ಕಾಲ ಸುಮಾರು 1610. ಅಲ್ಲಿಂದ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಯುರೋಪಿನ ಸೈನಿಕ, ಕಳ್ಳ, ಜಮೀನ್ದಾರ, ನಾವಿಕ ಎಲ್ಲರ ಸೊಂಟದಲ್ಲೂ ಇದೇ ಪಿಸ್ತೂಲು. ಇದರ ಕಾಲ ಮುಗಿಸಿದ್ದು ಸ್ಕಾಟ್ಲೆಂಡಿನ ಹಳ್ಳಿಯೊಂದರ ಪಾದ್ರಿ. ಅಲೆಕ್ಸಾಂಡರ್ ಫೋರ್ಸೈತ್ ಎಂದು ಹೆಸರು, ಹಕ್ಕಿ ಬೇಟೆಯ ಹುಚ್ಚಿನವರು. ಬಟ್ಟಲಿನ ಬೆಳಕು ಕಂಡ ಕೂಡಲೇ ಹಕ್ಕಿಗಳು ಹಾರಿಹೋಗುತ್ತಿದ್ದವು. ಅದಕ್ಕೆ ಕಲ್ಲಿಲ್ಲದೆ, ಬಡಿತಕ್ಕೇ ಸಿಡಿಯುವ ರಾಸಾಯನಿಕ ಬಳಸುವ ಉಪಾಯ ಹುಡುಕಿ 1807ರಲ್ಲಿ ಪೇಟೆಂಟ್ ಪಡೆದರು. ಮುಂದೆ ಆ ದಾರಿಯಲ್ಲೇ ಕ್ಯಾಪ್ ಕೋವಿಗಳು ಬಂದವು. ಚಕಮಕಿ ಪಿಸ್ತೂಲು ಅಟ್ಟ ಸೇರಿತು.

ಮೈಮೇಲಿನ ಮುದ್ರೆಗಳು

ಒಳ್ಳೆಯ ಸಂಗ್ರಹಕಾರ ಪಿಸ್ತೂಲು ಕೈಗೆ ಬಂದ ಕೂಡಲೇ ಅದು ಯಾರದ್ದು ಎಂದು ಕೇಳುವುದಿಲ್ಲ. ಮೊದಲು ಮುದ್ರೆ ಹುಡುಕುತ್ತಾನೆ.

ಲಂಡನ್ನಿನ ಕೋವಿ ತಯಾರಕರ ಸಂಘಕ್ಕೆ 1637ರಲ್ಲಿ ರಾಜನ ಸನ್ನದು ಸಿಕ್ಕಿತು. ತಯಾರಾದ ನಳಿಗೆಗೆ ಹೆಚ್ಚು ಮದ್ದು ತುಂಬಿ ಸಿಡಿಸಿ, ಅದು ಒಡೆಯದೆ ಉಳಿದರೆ ಮಾತ್ರ ಮುದ್ರೆ ಒತ್ತುತ್ತಿದ್ದರು. ಕಿರೀಟದ ಕೆಳಗೆ ‘ಜಿ ಪಿ’ ಎಂಬ ಅಕ್ಷರಗಳಿದ್ದರೆ ಪರೀಕ್ಷೆಯಲ್ಲಿ ಗೆದ್ದಿದೆ ಎಂದರ್ಥ. ಕಿರೀಟದ ಕೆಳಗೆ ‘ವಿ’ ಇದ್ದರೆ ಕಣ್ಣಲ್ಲಿ ನೋಡಿ ಒಪ್ಪಿದೆ ಎಂದರ್ಥ. ನಮ್ಮಲ್ಲಿ ಬಂಗಾರಕ್ಕೆ ಹಾಲ್‌ಮಾರ್ಕ್ ಇದ್ದ ಹಾಗೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಇಂಥ ಪರೀಕ್ಷಾ ಮನೆ ಕಾನೂನಿನಿಂದ ಸ್ಥಾಪನೆಯಾದದ್ದು 1813ರಲ್ಲಿ. ಹಾಗಾಗಿ ಆ ಮನೆಯ ಮುದ್ರೆ ಇರುವ ನಳಿಗೆಯನ್ನು 1780ರದ್ದು ಎಂದು ಯಾರಾದರೂ ಮಾರಲು ಬಂದರೆ ಅಲ್ಲೇ ಅನುಮಾನ ಹುಟ್ಟುತ್ತದೆ.

ಫ್ರಾನ್ಸಿನ ಸೇನೆಯ ಪಿಸ್ತೂಲುಗಳಲ್ಲಿ ಇನ್ನೊಂದು ಸೋಜಿಗ. ಕ್ರಾಂತಿಯಾದ ಮೇಲೆ ಅವರು ಹೊಸ ಪಂಚಾಂಗ ಮಾಡಿಕೊಂಡಿದ್ದರು. ಅಲ್ಲಿನ ಕುದುರೆ ಸವಾರರ ಒಂದು ಹೆಸರಾಂತ ಮಾದರಿಯನ್ನು ಇಂದಿಗೂ ‘ಹದಿಮೂರನೇ ವರ್ಷದ್ದು’ ಎಂದೇ ಕರೆಯುತ್ತಾರೆ. ಹದಿಮೂರನೇ ವರ್ಷ ಎಂದರೆ 1804-05.

ಸ್ಕಾಟ್ಲೆಂಡಿನಲ್ಲಿ ಡೂನ್ ಎಂಬ ಹಳ್ಳಿ ಇದೆ. ದನ ಹೊಡೆದುಕೊಂಡು ಸಂತೆಗೆ ಹೋಗುವವರ ದಾರಿಯ ಊರು. ದಾರಿಯಲ್ಲಿ ದನಗಳ್ಳರ ಕಾಟ, ಹಾಗಾಗಿ ಆಯುಧಕ್ಕೆ ಗಿರಾಕಿ. 1646ರ ಸುಮಾರಿಗೆ ಥಾಮಸ್ ಕ್ಯಾಡೆಲ್ ಎಂಬ ಕಮ್ಮಾರ ಅಲ್ಲಿ ಕುಲುಮೆ ಹಾಕಿದ. ಅವನ ಮನೆತನದವರೂ ಅವರಿಂದ ಕಲಿತವರೂ ಮಾಡಿದ ಪಿಸ್ತೂಲುಗಳಲ್ಲಿ ಮರವೇ ಇಲ್ಲ, ಹಿಡಿಯೂ ಲೋಹದ್ದೇ. ಹಿಡಿಯ ತುದಿ ಟಗರಿನ ಕೊಂಬಿನ ಹಾಗೆ ಎರಡು ಕಡೆ ಸುರುಳಿ. ಹಳ್ಳಿ ಕಮ್ಮಾರ ಮಾಡಿದ ಆ ಪಿಸ್ತೂಲನ್ನು ಅಂದು ದೊಡ್ಡ ದೊಡ್ಡ ಮನೆತನದವರು ಕೇಳಿ ಮಾಡಿಸಿಕೊಳ್ಳುತ್ತಿದ್ದರು. ಇಂದು ವಸ್ತುಸಂಗ್ರಹಾಲಯಗಳು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿವೆ. ತಗಡಿನ ಮೇಲೆ ಕ್ಯಾಡೆಲ್ ಎಂದು ಹೆಸರು ಕೆತ್ತಿದ್ದರಿಂದ ಆ ಕಮ್ಮಾರರು ಯಾರೆಂದು ನಮಗೆ ಗೊತ್ತು. ಯಾರೋ ಹುಡುಗರು ಇಟ್ಟಿಗೆ ಪುಡಿ ಹಾಕಿ ಉಜ್ಜಿದ್ದರೆ ಆ ಹೆಸರೂ ಹೋಗುತ್ತಿತ್ತು.

ಸಂಗ್ರಹಕಾರರ ಮೊದಲ ನಿಯಮವೇ ಇದು: ಹಳೆಯದನ್ನು ಹೊಸದು ಮಾಡಬೇಡ. ಮೆತ್ತನೆಯ ಬಟ್ಟೆಯಲ್ಲಿ ಧೂಳು ಒರೆಸು, ಕಬ್ಬಿಣಕ್ಕೆ ತೆಳ್ಳಗೆ ಎಣ್ಣೆ ಸವರು, ತೇವ ತಾಗದ ಕಡೆ ಇಡು. ಕಾಲ ಕಳೆದು ಕಬ್ಬಿಣದ ಮೇಲೆ ಬಂದ ಕಂದು ಬಣ್ಣ, ಕೈ ಸವೆದು ಮರಕ್ಕೆ ಬಂದ ಕಪ್ಪು ಹೊಳಪು, ಇವೆರಡನ್ನೂ ಅವರು ಕೊಳೆ ಎಂದು ಎಣಿಸುವುದಿಲ್ಲ. ತಿಕ್ಕಿ ಬೆಳ್ಳಗೆ ಮಾಡಿದ ಪಿಸ್ತೂಲಿಗೆ ಸಂತೆಯಲ್ಲೂ ಬೆಲೆ ಬಿದ್ದುಹೋಗುತ್ತದೆ. ನಮ್ಮ ಊರಿನ ಆ ಮನೆಗೆ ಬಂದಿದ್ದ ದಲ್ಲಾಳಿಗಳು ಪೂಜೆಯ ಫೋಟೊ ನೋಡಿದ ಮೇಲೆ ಮತ್ತೆ ಬರಲಿಲ್ಲ.

ಮೋಸಕ್ಕೂ ಇಲ್ಲಿ ಜಾಗವಿದೆ

ದುಡ್ಡಿರುವ ಕಡೆ ಮೋಸ ಇದ್ದೇ ಇರುತ್ತದೆ. ಫೋರ್ಸೈತ್ ಪಾದ್ರಿಯ ಉಪಾಯ ಬಂದ ಮೇಲೆ ಸಾವಿರಾರು ಚಕಮಕಿ ಪಿಸ್ತೂಲುಗಳ ಕಲ್ಲಿನ ಕುದುರೆ ಕಿತ್ತು, ಕ್ಯಾಪ್ ಹೊಡೆಯುವ ಸುತ್ತಿಗೆ ಕೂರಿಸಿದರು. ಅದು ಅಂದಿನ ಸಹಜ ರಿಪೇರಿ. ಆದರೆ ಇಂದು ಚಕಮಕಿಗೆ ಬೆಲೆ ಹೆಚ್ಚು. ಹಾಗಾಗಿ ಕೆಲವರು ಆ ಸುತ್ತಿಗೆ ಕಿತ್ತು, ಹೊಸ ಕುದುರೆ, ಹೊಸ ಬಟ್ಟಲು ಕೂರಿಸಿ, ‘ಮೂಲ ಸ್ಥಿತಿಯಲ್ಲೇ ಇದೆ’ ಎಂದು ಮಾರುತ್ತಾರೆ. ತಿಳಿದವರು ಭೂತಗನ್ನಡಿ ಹಿಡಿದು, ತಗಡಿನಲ್ಲಿ ತೂತು ಮುಚ್ಚಿದ ಗುರುತು, ಹಳೇ ಕಬ್ಬಿಣಕ್ಕೂ ಹೊಸ ಕಬ್ಬಿಣಕ್ಕೂ ಇರುವ ಬಣ್ಣದ ವ್ಯತ್ಯಾಸ ಹುಡುಕುತ್ತಾರೆ.

ಇನ್ನು ಪೂರ್ತಿ ನಕಲಿಗಳು. ಕಿರೀಟದ ಗುರುತು, ‘ಟವರ್’ ಎಂಬ ಹೆಸರು ಕೆತ್ತಿದ ಹೊಸ ಪಿಸ್ತೂಲುಗಳನ್ನು ಪ್ರವಾಸಿಗರಿಗಾಗಿಯೇ ಮಾಡುತ್ತಾರೆ. ಪಾಕಿಸ್ತಾನದ ಖೈಬರ್ ಗಡಿಯ ಕಡೆ ಮಾಡಿದ ಕೆಲವು ನಕಲುಗಳಲ್ಲಿ ಇಂಗ್ಲಿಷ್ ಅಕ್ಷರಗಳೇ ತಿರುಗುಮುರುಗು. ಅಕ್ಷರ ಬಾರದ ಕೆತ್ತನೆಗಾರ ಕಣ್ಣಿಗೆ ಕಂಡದ್ದನ್ನು ಕೆತ್ತಿರುತ್ತಾನೆ. ನಿಮ್ಮೂರಿನ ರೆಸಾರ್ಟಿನ ಗೋಡೆ ಮೇಲೆ ತೂಗುಹಾಕಿರುವ ‘ಬ್ರಿಟಿಷರ ಕಾಲದ’ ಜೋಡಿ ಪಿಸ್ತೂಲನ್ನು ಒಮ್ಮೆ ಹತ್ತಿರದಿಂದ ನೋಡಿ.

ಇಂಗ್ಲೆಂಡಿನಲ್ಲಿ ವಿಲಿಯಂ ಕೀತ್ ನೀಲ್ ಎಂಬ ದೊಡ್ಡ ಸಂಗ್ರಹಕಾರ ಇದ್ದರು. ಅವರು ಕೊಂಡಿದ್ದನ್ನು ಬೀರುವಿನಲ್ಲಿ ಇಟ್ಟು ಸುಮ್ಮನಾಗಲಿಲ್ಲ. ಡೇವಿಡ್ ಬ್ಯಾಕ್ ಎಂಬುವರ ಜೊತೆ ಸೇರಿ, ಲಂಡನ್ನಿನ ಮ್ಯಾಂಟನ್ ಸಹೋದರರಂಥ ಕೋವಿ ತಯಾರಕರ ಮೇಲೆ, ಫೋರ್ಸೈತ್ ಪಾದ್ರಿಯ ಕಂಪನಿಯ ಮೇಲೆ ಪುಸ್ತಕ ಬರೆದರು. ನಮ್ಮ ಪ್ರಕಾರ ಸಂಗ್ರಹ ಎಂದರೆ ಇದು. ವಸ್ತುವಿನ ಜೊತೆ ಅದರ ಲೆಕ್ಕಪತ್ರವನ್ನೂ ಕೂಡಿಸಿಡುವುದು. ಲೆಕ್ಕವಿಲ್ಲದೆ ರಾಶಿ ಹಾಕಿದರೆ ಅದಕ್ಕೆ ಗುಜರಿ ಎಂಬ ಹೆಸರು ಮೊದಲೇ ಇದೆ.

ದೊಡ್ಡವರ ಹೆಸರಿಗೂ ಕಾಗದ ಬೇಕು

‘ಇದು ಇಂಥವರ ಪಿಸ್ತೂಲು’ ಎಂದರೆ ಬೆಲೆ ಹತ್ತು ಪಟ್ಟು, ನೂರು ಪಟ್ಟು ಏರುತ್ತದೆ. ಆದ್ದರಿಂದಲೇ ಅಲ್ಲಿ ಪುರಾವೆಯ ಕೇಳಿಕೆಯೂ ಅಷ್ಟೇ ಬಿಗಿ.

2024ರ ಜುಲೈನಲ್ಲಿ ಫ್ರಾನ್ಸಿನ ಫೊಂತೆನ್‌ಬ್ಲೊ ಊರಿನಲ್ಲಿ ನೆಪೋಲಿಯನ್ನನ ಒಂದು ಜೊತೆ ಪಿಸ್ತೂಲು ಹರಾಜಾಯಿತು. ಬಂಗಾರ, ಬೆಳ್ಳಿ ಕೂರಿಸಿ ಗೊಸೆ ಎಂಬ ಪ್ಯಾರಿಸ್ ತಯಾರಕ ಮಾಡಿದ್ದು. 1814ರಲ್ಲಿ ಸೋತು ಸಿಂಹಾಸನ ಬಿಡಬೇಕಾದಾಗ ನೆಪೋಲಿಯನ್ ಇದೇ ಊರಿನ ಅರಮನೆಯಲ್ಲಿ ಸಾಯಲು ಹೊರಟಿದ್ದ. ಜೊತೆಗಿದ್ದ ಅಧಿಕಾರಿ ಕೊಲೆನ್‌ಕೂರ್ ಪಿಸ್ತೂಲಿನ ಮದ್ದನ್ನು ತೆಗೆದುಬಿಟ್ಟಿದ್ದ. ನೆಪೋಲಿಯನ್ ವಿಷ ಕುಡಿದ, ಆದರೂ ಬದುಕಿದ. ಆಮೇಲೆ ಆ ಪಿಸ್ತೂಲುಗಳನ್ನು ಅದೇ ಅಧಿಕಾರಿಗೆ ಕೊಟ್ಟ. ಅವು ಆ ಮನೆತನದಲ್ಲಿ ಉಳಿದುಬಂದವು. ಹರಾಜಿನಲ್ಲಿ ಬಂದದ್ದು ಸುಮಾರು 17 ಲಕ್ಷ ಯೂರೋ, ಅಂದಿನ ಲೆಕ್ಕದಲ್ಲಿ ಹದಿನೈದು ಕೋಟಿ ರೂಪಾಯಿಯಷ್ಟು. ಹರಾಜಿಗೆ ಮುಂಚೆಯೇ ಫ್ರಾನ್ಸ್ ಸರ್ಕಾರ ಅವನ್ನು ರಾಷ್ಟ್ರದ ನಿಧಿ ಎಂದು ಘೋಷಿಸಿ, ದೇಶ ಬಿಟ್ಟು ಹೋಗದಂತೆ ತಡೆ ಹಾಕಿತ್ತು. ಯಾರು ಬೇಕಾದರೂ ಕೊಳ್ಳಿ, ಆದರೆ ಗಡಿ ದಾಟಿಸಬೇಡಿ ಎಂದ ಹಾಗೆ.

ಇನ್ನೊಂದು ಜೊತೆ ಅಮೆರಿಕದಲ್ಲಿದೆ. ಲಂಡನ್ನಿನ ವಾಗ್ಡನ್ ಮತ್ತು ಬಾರ್ಟನ್ ಮಾಡಿದ, ಪಂಥದ ಕಾಳಗಕ್ಕೆಂದೇ ತಯಾರಾದ ಪಿಸ್ತೂಲುಗಳು. 1804ರ ಜುಲೈ 11ರಂದು ಅಮೆರಿಕದ ಉಪಾಧ್ಯಕ್ಷ ಆರನ್ ಬರ್, ಎದುರಾಳಿ ಅಲೆಕ್ಸಾಂಡರ್ ಹ್ಯಾಮಿಲ್ಟನ್‌ಗೆ ಗುಂಡು ಹೊಡೆದದ್ದು ಇವುಗಳಲ್ಲಿ ಒಂದರಿಂದ. ಹ್ಯಾಮಿಲ್ಟನ್ ಮಾರನೇ ದಿನ ತೀರಿಕೊಂಡ. ಇದಾಗಿ 170 ವರ್ಷ ಕಳೆದ ಮೇಲೆ, 1976ರಲ್ಲಿ, ನಕಲು ಮಾಡಲೆಂದು ಬಿಚ್ಚಿ ನೋಡಿದಾಗ ಒಳಗೊಂದು ಗುಟ್ಟು ಕಂಡಿತು. ತುಸು ಮುಟ್ಟಿದರೆ ಸಾಕು, ಗುಂಡು ಹಾರುವಂಥ ಸೂಕ್ಷ್ಮ ಟ್ರಿಗರ್ ವ್ಯವಸ್ಥೆ ಹೊರಗೆ ಕಾಣದಂತೆ ಅಡಗಿತ್ತು. ಅಂದಿನ ಕಾಳಗದ ಬಗ್ಗೆ ಚರಿತ್ರೆಕಾರರು ಮತ್ತೆ ಯೋಚಿಸಬೇಕಾಯಿತು. ಇಷ್ಟು ವರ್ಷ ಯಾರೂ ಒಳಭಾಗವನ್ನು ಬದಲಾಯಿಸದೆ ಬಿಟ್ಟಿದ್ದರಿಂದ ಆ ಸಾಕ್ಷಿ ಉಳಿಯಿತು.

ನಮ್ಮ ಕಡೆಗೆ ಬರೋಣ. ಟಿಪ್ಪುವಿನ ಕಾರ್ಖಾನೆಗಳಲ್ಲಿ ತಯಾರಾದ ಚಕಮಕಿ ಕೋವಿ, ಪಿಸ್ತೂಲುಗಳು ನಿಜವಾಗಿಯೂ ಇವೆ. ಯುರೋಪಿನ ಪದ್ಧತಿಯನ್ನು ಕಲಿತು ಶ್ರೀರಂಗಪಟ್ಟಣದಲ್ಲಿ ಮಾಡಿದವು. ಅವನ ಸ್ವಂತಕ್ಕೆ ಮಾಡಿದ ಆಯುಧಗಳಲ್ಲಿ ಹುಲಿಯ ಪಟ್ಟೆ, ಹುಲಿಯ ತಲೆ, ಪರ್ಷಿಯನ್ ಬರಹ, ಅವನೇ ಜಾರಿಗೆ ತಂದ ಮೌಲೂದಿ ಲೆಕ್ಕದ ವರ್ಷ ಇರುತ್ತವೆ. 1799ರ ಲೂಟಿಯಲ್ಲಿ ಅವು ಹಡಗು ಹತ್ತಿದವು. 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಒಂದೇ ಹರಾಜಿನಲ್ಲಿ ಟಿಪ್ಪುವಿಗೆ ಸಂಬಂಧಿಸಿದ ಮೂವತ್ತು ವಸ್ತುಗಳು 60 ಲಕ್ಷ ಪೌಂಡಿಗೂ ಹೆಚ್ಚಿಗೆ ಹೋದವು. ಫ್ರಾನ್ಸ್ ತನ್ನ ಸೋತ ದೊರೆಯ ಪಿಸ್ತೂಲಿಗೆ ಗಡಿಯಲ್ಲಿ ಬೇಲಿ ಹಾಕಬಲ್ಲದು. ನಮ್ಮವು ಬೇಲಿ ಹಾಕುವ ಕಾಲಕ್ಕೆ ಮುಂಚೆಯೇ ಹೋಗಿಯಾಗಿತ್ತು.

ಅಂದರೆ ನಿಜವಾದ ಟಿಪ್ಪು ಪಿಸ್ತೂಲು ಹೇಗಿರುತ್ತದೆ ಎಂಬುದಕ್ಕೆ ಪುರಾವೆ ಸಾಕಷ್ಟಿದೆ, ಹುಡುಕಿದರೆ ಫೋನಿನಲ್ಲೇ ಸಿಗುತ್ತದೆ. ನಾವು ಹತ್ತು ನಿಮಿಷ ಹುಡುಕಿದ್ದರೆ ಆ ಶೀರ್ಷಿಕೆ ಬರೆಯುತ್ತಿರಲಿಲ್ಲ.

ಕಲ್ಲು ಒಡೆದವರು

ಈ ಹವ್ಯಾಸದಲ್ಲಿ ನಮಗೆ ಒಪ್ಪದ ಸಂಗತಿಯೂ ಒಂದಿದೆ. ರಾಜ, ಸೇನಾಪತಿ, ಹೆಸರಾಂತ ತಯಾರಕ, ಇಷ್ಟು ಜನರ ಸುತ್ತಲೇ ಅದರ ಮಾತು ಸುತ್ತುತ್ತದೆ. ಆದರೆ ಒಂದು ಚೂರು ಕಲ್ಲಿಲ್ಲದಿದ್ದರೆ ನೆಪೋಲಿಯನ್ನನ ಬಂಗಾರದ ಪಿಸ್ತೂಲೂ ಬರೀ ಬಡಿಗೆ. ಆ ಕಲ್ಲು ಇಪ್ಪತ್ತು ಮೂವತ್ತು ಗುಂಡಿಗೆ ಸವೆದುಹೋಗುತ್ತಿತ್ತು. ಸೇನೆಗಳಿಗೆ ಲಕ್ಷಗಟ್ಟಲೆ ಬೇಕಿತ್ತು.

ಇಂಗ್ಲೆಂಡಿನ ಸಫೋಕ್ ಸೀಮೆಯ ಬ್ರ್ಯಾಂಡನ್ ಎಂಬ ಸಣ್ಣ ಊರು ಆ ಕಲ್ಲಿಗೆ ಹೆಸರಾಗಿತ್ತು. ಊರ ಹೊರಗೆ ಕೈಯಲ್ಲೇ ಬಾವಿಯಂಥ ಗುಂಡಿ ತೋಡಿ, ಸುಣ್ಣಕಲ್ಲಿನ ಪದರದ ನಡುವಿನಿಂದ ಚಕಮಕಿ ಗಟ್ಟಿ ಎತ್ತುತ್ತಿದ್ದರು. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಕುಳಿತು, ತೊಡೆಯ ಮೇಲೆ ಚರ್ಮ ಕಟ್ಟಿಕೊಂಡು, ಸುತ್ತಿಗೆಯಲ್ಲಿ ಸೀಳಿ, ಚೌಕ ಚೂರು ಮಾಡುತ್ತಿದ್ದರು. ದಿನವಿಡೀ ಕಲ್ಲಿನ ಧೂಳು ಉಸಿರಿನೊಳಗೆ. ಶ್ವಾಸಕೋಶ ಕಟ್ಟಿಕೊಂಡು ಬಹಳ ಜನ ಬೇಗ ಸತ್ತರು. ನಮ್ಮ ಕಡೆ ಜಲ್ಲಿ ಕ್ರಷರ್‌ಗಳಲ್ಲಿ, ಕಲ್ಲು ಕೋರೆಗಳಲ್ಲಿ ದುಡಿಯುವವರಿಗೆ ಬರುವ ಸಿಲಿಕೋಸಿಸ್ ಎಂಬ ಕಾಯಿಲೆಯೇ ಅದು. ಯುದ್ಧದಲ್ಲಿ ಗುಂಡು ತಾಗಿ ಸತ್ತವರ ಲೆಕ್ಕವನ್ನು ಸೇನೆ ಇಟ್ಟಿತು. ಕಲ್ಲು ಒಡೆದು ಸತ್ತವರನ್ನು ಸೇನೆಯ ಲೆಕ್ಕಕ್ಕೆ ಯಾರು ಸೇರಿಸುತ್ತಾರೆ?

ಆದ್ದರಿಂದ ಪಿಸ್ತೂಲಿನ ಕುದುರೆಯ ಬಾಯಲ್ಲಿ ಹಳೇ ಕಲ್ಲಿನ ಚೂರು ಉಳಿದಿದ್ದರೆ ಅದನ್ನು ಎಸೆಯಬೇಡಿ. ಹಿಡಿಯ ಮೇಲಿನ ಬೆಳ್ಳಿಗಿಂತ ಆ ಚೂರು ನಮಗೆ ಹತ್ತಿರದ್ದು.

ನಿಮ್ಮ ಅಟ್ಟದಲ್ಲಿ ಸಿಕ್ಕರೆ

ಕಂಪನಿಯ ದಂಡು, ಮೈಸೂರಿನ ಕುದುರೆ ಪಡೆ, ಪಾಳೆಯಗಾರರ ಕಾಲಾಳು, ಎಲ್ಲರೂ ಓಡಾಡಿದ ನೆಲ ನಮ್ಮದು. ಹಳೇ ಮನೆ ಬಿಚ್ಚುವಾಗ ಇಂಥದ್ದು ಸಿಗುವುದು ಅಪರೂಪವಾದರೂ ಸುಳ್ಳಲ್ಲ. ಸಿಕ್ಕರೆ ಏನು ಮಾಡಬೇಕು? ನಾವು ಪೆಟ್ಟು ತಿಂದು ಕಲಿತದ್ದನ್ನು ಹೇಳುತ್ತೇವೆ.

ಮೊದಲನೆಯದು ಪ್ರಾಣದ ಮಾತು. ಈ ಪಿಸ್ತೂಲುಗಳಿಗೆ ಬಾಯಿಯಿಂದ ಮದ್ದು ತುಂಬಿ ಗಜದಿಂದ ಗಿಡಿಯುತ್ತಿದ್ದರು. ತುಂಬಿದ್ದನ್ನು ಹಾಗೇ ಬಿಟ್ಟು ಪೆಟ್ಟಿಗೆಗೆ ಹಾಕಿದವರೂ ಇದ್ದಾರೆ. ಒಣಗಿ ಉಳಿದ ಮದ್ದು ಎಷ್ಟು ವರ್ಷವಾದರೂ ಹತ್ತಿಕೊಳ್ಳಬಲ್ಲದು. ಹಾಗಾಗಿ ಅದು ತುಂಬಿದೆ ಎಂದೇ ತಿಳಿದು ನಡೆದುಕೊಳ್ಳಿ. ಬಾಯಿ ಯಾರ ಕಡೆಗೂ ತಿರುಗದಿರಲಿ. ಕುದುರೆ ಎಳೆದು ಆಡಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಬೆಂಕಿಗೆ ಹಿಡಿಯುವುದು, ಡ್ರಿಲ್ ಹಾಕುವುದು, ಸುತ್ತಿಗೆಯಲ್ಲಿ ಬಡಿಯುವುದು ಬೇಡವೇ ಬೇಡ.

ಎರಡನೆಯದು ಫೋಟೊ. ಒರೆಸುವ ಮೊದಲು ಬಿಸಿಲಿನ ಬೆಳಕಲ್ಲಿ ಎಲ್ಲ ಕಡೆಯಿಂದ ತೆಗೆಯಿರಿ. ಕುದುರೆಯ ಕೆಳಗಿನ ತಗಡು, ನಳಿಗೆಯ ಬುಡ, ಹಿಡಿಯ ಹಿತ್ತಾಳೆ, ಈ ಮೂರನ್ನು ಹತ್ತಿರದಿಂದ ತೆಗೆಯಿರಿ. ಸಿಕ್ಕ ಜಾಗ, ಪೆಟ್ಟಿಗೆ, ಸುತ್ತಿದ್ದ ಬಟ್ಟೆ ಎಲ್ಲದರ ಫೋಟೊ ಇರಲಿ. ಪೆಟ್ಟಿಗೆಯಲ್ಲಿ ಹಳೇ ಕಾಗದ ಇದ್ದರೆ ಅದು ಪಿಸ್ತೂಲಿಗಿಂತ ದೊಡ್ಡದು.

ಮೂರನೆಯದು ಕಾನೂನು. ಬ್ರಿಟನ್ನಿನಲ್ಲಿ ಹಳೇ ಕೋವಿಯನ್ನು ಕುತೂಹಲಕ್ಕೆ ಅಥವಾ ಅಲಂಕಾರಕ್ಕೆ ಇಟ್ಟುಕೊಳ್ಳಲು 1968ರ ಕಾಯ್ದೆ ವಿನಾಯಿತಿ ಕೊಟ್ಟಿದೆ. ಅಮೆರಿಕದ ಕೇಂದ್ರ ಕಾನೂನಿನಲ್ಲಿ 1898 ಮತ್ತು ಅದಕ್ಕಿಂತ ಹಿಂದೆ ತಯಾರಾದದ್ದು ಪುರಾತನ ಎಂಬ ಲೆಕ್ಕ. ಅಲ್ಲಿನವರ ವಿಡಿಯೊ ನೋಡಿ ಇಲ್ಲೂ ಹಾಗೇ ಎಂದುಕೊಳ್ಳಬೇಡಿ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮಿನಲ್ಲಿ ಹಳೇ ಆಯುಧಕ್ಕೆ ವಿನಾಯಿತಿ ಇರುವುದು, ಅದು ರಿಪೇರಿ ಮಾಡಿದರೂ ಕೋವಿಯಾಗಿ ಬಳಸಲು ಬಾರದಂತಿದ್ದರೆ ಮಾತ್ರ. ಬಳಸಲು ಬರುತ್ತದೋ ಇಲ್ಲವೋ ಎಂದು ತೀರ್ಮಾನಿಸುವುದು ನೀವೂ ಅಲ್ಲ, ನಿಮ್ಮೂರ ವೆಲ್ಡಿಂಗ್ ಅಂಗಡಿಯವರೂ ಅಲ್ಲ. ಊರಿನ ಇಬ್ಬರು ಹಿರಿಯರೊಂದಿಗೆ ಠಾಣೆಗೆ ವಿಷಯ ತಿಳಿಸಿ, ಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆಯಿರಿ, ವಕೀಲರನ್ನು ಕೇಳಿ. ನಮ್ಮ ಊರಿನ ಆ ಮನೆಯವರು ನಾಲ್ಕು ತಿಂಗಳು ಅಲೆದರು. ನಳಿಗೆ ಕೊಳೆತು ಕಟ್ಟಿಹೋಗಿದೆ, ಬಳಸಲು ಬಾರದು ಎಂದು ಬರೆಸಿಕೊಂಡ ಮೇಲೆಯೇ ಪಿಸ್ತೂಲು ಮನೆಗೆ ಮರಳಿತು. ಮೊದಲ ದಿನವೇ ತಾವಾಗಿ ತಿಳಿಸಿದ್ದರೆ ಅಲೆದಾಟ ಕಡಿಮೆಯಾಗುತ್ತಿತ್ತು. ಅವರು ತಿಳಿಸುವ ಮೊದಲೇ ನಾವು ಪತ್ರಿಕೆಯಲ್ಲಿ ತಿಳಿಸಿಬಿಟ್ಟಿದ್ದೆವು.

ಕೊನೆಯದು ಮಾರಾಟ. ನೂರು ವರ್ಷ ದಾಟಿದ ಪುರಾತನ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. 1972ರ ಕಾಯ್ದೆ ಅದನ್ನು ಅಪರಾಧ ಎನ್ನುತ್ತದೆ. ‘ಫಾರಿನ್ ಪಾರ್ಟಿ ಇದೆ’ ಎಂದು ಬರುವ ದಲ್ಲಾಳಿಗೆ ಬಾಗಿಲಲ್ಲೇ ನಮಸ್ಕಾರ ಹೇಳಿ.

ಯಾರ ಕಡೆ?

ಫೋಟೊದಲ್ಲಿ ಕಂಡದ್ದನ್ನು ಆ ಮನೆಯ ಹಿರಿಯರಿಗೆ ಹೇಳಲು ಹೋದ ದಿನ ನಮಗೆ ಮರೆಯುವುದಿಲ್ಲ. ಜಗಲಿಯ ಮೇಲೆ ಕುಳಿತು, ಫೋನಿನಲ್ಲಿ ಹೃದಯದ ಗುರುತು ತೋರಿಸಿದೆವು. ಕಂಪನಿಯ ಕಥೆ ಹೇಳಿದೆವು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಹಂಗಾದ್ರೆ ನಮ್ಮಜ್ಜ ಯಾರ ಕಡೆ ಇದ್ರು?’ ಎಂದು ಕೇಳಿದರು.

ನಮ್ಮ ಬಳಿ ಉತ್ತರ ಇರಲಿಲ್ಲ. ಆ ಅಜ್ಜ ಕಂಪನಿಯ ಸಿಪಾಯಿ ಆಗಿದ್ದಿರಬಹುದು. ಮೈಸೂರು ಅರಸರ ಸವಾರನಾಗಿದ್ದು ಸರ್ಕಾರದಿಂದ ಪಡೆದಿರಬಹುದು. ಸಂತೆಯಲ್ಲಿ ಕೊಂಡಿರಬಹುದು, ದಾರಿಯಲ್ಲಿ ಬಿದ್ದಿದ್ದನ್ನು ಎತ್ತಿಕೊಂಡಿರಬಹುದು. ಹಿಂದೆ ಟಿಪ್ಪು ದಂಡಿನಲ್ಲಿದ್ದು, ಪಟ್ಟಣ ಬಿದ್ದ ಮೇಲೆ ಹೊಟ್ಟೆಪಾಡಿಗೆ ಬೇರೆ ದಂಡು ಸೇರಿರಲೂಬಹುದು. ಇಂಥ ಪಿಸ್ತೂಲುಗಳ ಮೇಲೆ ಕೆಲವೊಮ್ಮೆ ಪಡೆಯ ಹೆಸರು, ನಂಬರು ಕೆತ್ತಿರುತ್ತಾರೆ. ಹಿಡಿಯ ಹಿತ್ತಾಳೆಯ ಮೇಲೆ ಅಂಥದ್ದೇನಾದರೂ ಇತ್ತೋ ಏನೋ. ಹಿತ್ತಾಳೆಯ ಫೋಟೊ ನಾವು ತೆಗೆದಿರಲಿಲ್ಲ. ಅದನ್ನೇ ಹುಡುಗರು ಎಲ್ಲಕ್ಕಿಂತ ಚೆನ್ನಾಗಿ ಉಜ್ಜಿದ್ದರು.

ಹುಡುಗರನ್ನು ನಾವು ಬೈಯುವುದಿಲ್ಲ. ಅವರು ಉಜ್ಜಿದ್ದು ಗೌರವದಿಂದ. ಆ ಗೌರವಕ್ಕೆ ಟಿಪ್ಪುವಿನ ಹೆಸರು ಕೊಟ್ಟವರು ನಾವು. ಹೆಸರು ಸುಳ್ಳಾದರೂ ಪಿಸ್ತೂಲು ಸುಳ್ಳಲ್ಲ. ಅದು ಇನ್ನೂರು ವರ್ಷ ಹಳೆಯದು, ಸಮುದ್ರ ದಾಟಿ ಬಂದದ್ದು, ಆ ಮನೆಯ ಅಟ್ಟದಲ್ಲಿ ತಲೆಮಾರುಗಟ್ಟಲೆ ಇದ್ದದ್ದು. ಇಷ್ಟಾದರೂ ನಾವು ಸರಿಯಾಗಿ ಬರೆದಿದ್ದರೆ ಸಾಕಿತ್ತು. ಶತ್ರುವಿನ ಆಯುಧವಾದರೂ ಅದು ನಮ್ಮ ನೆಲದ ಸಾಕ್ಷಿ.

ಆ ಹಳೇ ಫೋಟೊವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಹಿಂಬದಿಯಲ್ಲಿ ತೆಗೆದ ದಿನಾಂಕ, ಊರು, ಅಟ್ಟದಲ್ಲಿ ಸಿಕ್ಕ ಜಾಗ, ಅಂಕಿ ಅಕ್ಷರ ಎಲ್ಲ ಬರೆದು ಕೊಟ್ಟುಬಂದೆವು. ಹಿರಿಯರು ಅದನ್ನು ಪಿಸ್ತೂಲಿನ ಜೊತೆಗೆ ಅದೇ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಕಳೆದ ಆಯುಧಪೂಜೆಗೆ ಹೋಗಿದ್ದೆವು. ಈ ಸಲ ಉಜ್ಜಿರಲಿಲ್ಲ. ಎಣ್ಣೆ ಸವರಿ, ಒಂದು ಹೂ ಇಟ್ಟಿದ್ದರು.

ನಿಮ್ಮ ಮನೆಯಲ್ಲೂ ಪಿಸ್ತೂಲೇ ಆಗಬೇಕೆಂದಿಲ್ಲ, ಅಕ್ಷರವಿರುವ ಹಳೇ ತಗಡು, ತಾಳೆಗರಿ, ತೂಕದ ಕಲ್ಲು ಏನಾದರೂ ಸಿಕ್ಕರೆ ಮೊದಲು ಫೋಟೊ ತೆಗೆಯಿರಿ. ಕತ್ತಿ ಕೋವಿಯಾದರೆ ಠಾಣೆಗೆ ಹೇಳಿ. ನಮಗೆ ಆಮೇಲೆ ಫೋನು ಮಾಡಿ. ನಾವು ಬಂದು ‘ಇದು ಯಾರ ಕಾಲದ್ದು?’ ಎಂದು ಆತುರದಲ್ಲಿ ಕೇಳಿದರೆ, ‘ನೀವೇ ಓದಿ ಹೇಳಿ’ ಎಂದು ಆ ಫೋಟೊ ಮುಂದೆ ಹಿಡಿಯಿರಿ.